ಬಾಯಿ ತೆರೆದ ಮೇಲೆ ಪೂರ್ತಿ ತೋರಿಸಿ

ಹೊಟ್ಟೆಯೊಳಗಿನ ಗಡ್ಡೆ ಹುಡುಕಲು ಸ್ಕ್ಯಾನಿಂಗ್ ಬೇಕು, ಎದೆಯೊಳಗಿನದಕ್ಕೆ ಎಕ್ಸ್‌ರೇ ಬೇಕು. ಬಾಯಿ ಕ್ಯಾನ್ಸರ್ ಕಣ್ಣಿಗೆ ಕಾಣುವ ಕ್ಯಾನ್ಸರ್. ಒಳ್ಳೆಯ ದೀಪ, ಎರಡು ಪುಟ್ಟ ಕನ್ನಡಿ, ಗ್ಲೌಸ್ ಹಾಕಿದ ಬೆರಳು, ಐದು ನಿಮಿಷದ ತಾಳ್ಮೆ ಇಷ್ಟಿದ್ದರೆ ಎಷ್ಟೋ ಸಲ ಅದು ಕ್ಯಾನ್ಸರ್ ಆಗುವ ಮೊದಲೇ, ಬರೀ ಬಿಳಿ ಮಚ್ಚೆಯೋ ಕೆಂಪು ಮಚ್ಚೆಯೋ ಆಗಿದ್ದಾಗಲೇ ಸಿಕ್ಕಿಬೀಳುತ್ತದೆ. ಆದರೂ ನಮ್ಮ ದೇಶದಲ್ಲಿ ಈ ಕಾಯಿಲೆಯವರಲ್ಲಿ ಹೆಚ್ಚಿನವರು ಆಸ್ಪತ್ರೆ ಮುಟ್ಟುವುದು ಮೂರನೇ ಅಥವಾ ನಾಲ್ಕನೇ ಹಂತದಲ್ಲಿ. ಅಷ್ಟರೊಳಗೆ ಅವರಲ್ಲಿ ಎಷ್ಟೋ ಮಂದಿ ಹಲ್ಲುನೋವಿಗೆಂದು ಒಮ್ಮೆಯಾದರೂ ದಂತವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದು ಕೂತಿರುತ್ತಾರೆ. ಆ ಅವಕಾಶ ಕೈತಪ್ಪಿತಲ್ಲ ಎಂಬುದೇ ಸಂಕಟದ ಮಾತು.

ನೋಡಿದರೆ ಉಪಯೋಗ ಉಂಟೇ ಎಂಬ ಸಂಶಯ ಬೇಡ. ಕೇರಳದ ತಿರುವನಂತಪುರದಲ್ಲಿ 1996ರಲ್ಲಿ ಶುರುವಾದ ಅಧ್ಯಯನದಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಬರಿಗಣ್ಣಿನಿಂದಲೇ ಜನರ ಬಾಯಿ ಪರೀಕ್ಷಿಸಿದರು. ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನಿಂದಾದ ಸಾವು ಶೇ 34ರಷ್ಟು ಕಡಿಮೆಯಾಗಿತ್ತು. ಈ ಫಲಿತಾಂಶ 2005ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಇತ್ತ ಕರ್ನಾಟಕದಲ್ಲಿ 2016–17ರ ತಂಬಾಕು ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 22.8 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಜಗಿಯುವ, ಉಜ್ಜುವ ತಂಬಾಕಿನವರೇ ಶೇ 16.3. ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಓದುಗರು ಮುಂದಿನ ಸಲ ಹಲ್ಲಿನ ಡಾಕ್ಟರ ಹತ್ತಿರ ಹೋಗುವಾಗ ಈ ಸೂತ್ರಗಳನ್ನು ತಲೆಯಲ್ಲಿಟ್ಟುಕೊಂಡು ಹೋಗಿ.

1. ಹೆಸರು ಹಿಡಿದು ಕೇಳಿ

ನೋಯುವ ಹಲ್ಲು ತೋರಿಸಿದರೆ ಡಾಕ್ಟರು ಆ ಹಲ್ಲನ್ನೇ ನೋಡುತ್ತಾರೆ. ಹೊರಗೆ ಇನ್ನೂ ಆರೇಳು ಮಂದಿ ಕಾಯುತ್ತಿರುತ್ತಾರೆ. ಹಾಗಾಗಿ ನೀವೇ ಬಾಯಿಬಿಟ್ಟು ಕೇಳಬೇಕು: “ಸರ್, ಹಲ್ಲಿನ ಜತಿಗೆ ಬಾಯಿ ಕ್ಯಾನ್ಸರ್ ತಪಾಸಣೆನೂ ಮಾಡ್ರಿ. ಬಾಯಿ ಪೂರ್ತಿ ನೋಡ್ರಿ, ಕೊರಳೂ ಮುಟ್ಟಿ ನೋಡ್ರಿ.” ಇಷ್ಟು ಸಾಕು. ಇದರಿಂದ ಯಾವ ವೈದ್ಯರಿಗೂ ಅವಮಾನವಾಗದು. ಕೇಳುವ ರೋಗಿಯನ್ನು ಕಂಡರೆ ಒಳ್ಳೆಯ ವೈದ್ಯರಿಗೆ ಸಂತೋಷವೇ. ಇವತ್ತು ಪುರುಸೊತ್ತಿಲ್ಲ ಎಂದರೆ ಬೇರೆ ದಿನ ಕೇಳಿಕೊಂಡು ಬನ್ನಿ, ಆ ದಿನ ತಪ್ಪದೆ ಹೋಗಿ.

2. ಸಂಚಿಯಲ್ಲಿ ಇರುವುದನ್ನೆಲ್ಲ ಹೇಳಿ

“ಏನಾದರೂ ಚಟ ಇದೆಯಾ?” ಎಂದು ಕೇಳಿದಾಗ “ಏನಿಲ್ಲ ಸರ್” ಅನ್ನುವುದು ನಾಲಗೆಗೆ ರೂಢಿಯಾಗಿದೆ. ಎಲೆ ಅಡಿಕೆಯನ್ನು ಚಟವೆಂದು ನಮ್ಮಲ್ಲಿ ಯಾರೂ ಎಣಿಸುವುದಿಲ್ಲ. ಮದುವೆಯಲ್ಲಿ, ದೇವರ ಮುಂದೆ, ಬಂದ ನೆಂಟರ ಕೈಗೆ ಕೊಡುವ ವಸ್ತು ಅದು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೇ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕು ಬೆರೆಸದ ಎಲೆ ಅಡಿಕೆಯೂ ಅದೇ ಗುಂಪಿನಲ್ಲಿದೆ. ಆದ್ದರಿಂದ “ತಂಬಾಕು ಹಾಕಲ್ಲ, ಬರೀ ಅಡಿಕಿ” ಎನ್ನುವವರೂ ಅದನ್ನು ಡಾಕ್ಟರಿಗೆ ಹೇಳಲೇಬೇಕು. ಇದು ಅಡಿಕೆ ಬೆಳೆಯುವ ರೈತರ ಮೇಲಿನ ದೂರು ಅಲ್ಲ. ಬಾಯಿಯ ಒಳಮೈಗೆ ಏನಾಗುತ್ತದೆ ಎಂಬ ವಿಷಯ ಅಷ್ಟೇ.

ಏನು ಹಾಕುತ್ತೀರಿ? ಹೊಗೆಸೊಪ್ಪೋ, ಕಡ್ಡಿಪುಡಿಯೋ, ಜರ್ದಾವೋ, ಪಾನ್ ಮಸಾಲೆಯ ಚೀಟಿಗೆ ತಂಬಾಕಿನ ಚೀಟಿ ಬೆರೆಸಿಕೊಳ್ಳುತ್ತೀರೋ? ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾದ ಮೇಲೆ ಇವೆರಡನ್ನೂ ಬೇರೆ ಬೇರೆ ಮಾರುವುದು ಶುರುವಾಯಿತು, ಬಾಯಿಗೆ ಸೇರುವಾಗ ಎರಡೂ ಒಂದೇ. ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಸಲ, ಯಾವ ಕೆನ್ನೆಯಲ್ಲಿ ಒತ್ತರಿಸಿ ಇಡುತ್ತೀರಿ, ರಾತ್ರಿ ಹಾಗೇ ಇಟ್ಟುಕೊಂಡು ಮಲಗುತ್ತೀರಾ, ಬೀಡಿ ಇದೆಯಾ, ಕುಡಿಯುತ್ತೀರಾ? ತಂಬಾಕೂ ಮದ್ಯವೂ ಸೇರಿದರೆ ಅಪಾಯ ಬರೀ ಕೂಡುವುದಿಲ್ಲ, ಹಲವು ಪಟ್ಟು ಏರುತ್ತದೆ. “ಎಡಗಡೆ ಇಡ್ತೀನ್ರಿ” ಎಂಬ ಒಂದು ಮಾತು ಡಾಕ್ಟರ ಕನ್ನಡಿಯನ್ನು ನೇರ ಆ ಜಾಗಕ್ಕೆ ಕರೆದೊಯ್ಯುತ್ತದೆ.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿ ಹೇಳಬೇಕು. ಆಗಲೇ ಹೇಳಿದ 2016–17ರ ತಂಬಾಕು ಸಮೀಕ್ಷೆಯಲ್ಲಿ ರಾಜ್ಯದ ಹೆಂಗಸರಲ್ಲಿ ಶೇ 10.3 ಮಂದಿ ತಂಬಾಕು ಬಳಸುವುದು ಕಂಡುಬಂತು. ಮಗ, ಸೊಸೆ, ಮೊಮ್ಮಕ್ಕಳ ಮುಂದೆ ಅದನ್ನು ಹೇಳಿಕೊಳ್ಳಲು ಸಂಕೋಚ. ಅಜ್ಜಿಯನ್ನು ಕರೆದುಕೊಂಡು ಹೋದವರು ಎರಡು ನಿಮಿಷ ಹೊರಗೆ ನಿಲ್ಲಿ, ಅವರೇ ಡಾಕ್ಟರಿಗೆ ಹೇಳಿಕೊಳ್ಳುತ್ತಾರೆ. ಹಲ್ಲಿಗೆ ತಂಬಾಕಿನ ಪುಡಿ ಉಜ್ಜುವ ರೂಢಿಯೂ ಇದರಲ್ಲಿ ಸೇರುತ್ತದೆ.

3. ಅವತ್ತು ಬಾಯಿ ಖಾಲಿ ಇರಲಿ

ಬೆಳಿಗ್ಗೆಯಿಂದ ಏನೂ ಜಗಿಯಬೇಡಿ. ಹಲ್ಲುಜ್ಜಿ, ಚೆನ್ನಾಗಿ ಮುಕ್ಕಳಿಸಿ ಹೋಗಿ. ಎಲೆ, ಸುಣ್ಣ, ಕಾಚಿನ ಕೆಂಪು ಅಂಟಿಕೊಂಡಿದ್ದರೆ ಅದರಡಿಯ ಮಚ್ಚೆ ಕಾಣದು. ಕಟ್ಟಿಸಿದ ಹಲ್ಲಿನ ಸೆಟ್ ಇದ್ದರೆ ಬಿಚ್ಚಿ ಕೈಯಲ್ಲಿ ಹಿಡಿಯಿರಿ. ಸೆಟ್ಟಿನ ಅಂಚು ಒತ್ತುವ ಜಾಗವನ್ನು ನೋಡಲೇಬೇಕು.

4. ತಪಾಸಣೆ ಹೇಗೆ ಸಾಗುತ್ತದೆಂದು ನಿಮಗೂ ತಿಳಿದಿರಲಿ

ಏನು ನಡೆಯುತ್ತಿದೆ ಎಂದು ಗೊತ್ತಿದ್ದವರಿಗೆ ಏನು ಬಿಟ್ಟುಹೋಯಿತು ಎಂಬುದೂ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಈ ಬರಹದ ಜೀವ ಇರುವುದು ಈ ಸೂತ್ರದಲ್ಲಿ.

ಪೂರ್ತಿ ತಪಾಸಣೆ ಬಾಯಿಯ ಹೊರಗಿನಿಂದ ಶುರುವಾಗಬೇಕು. ಡಾಕ್ಟರು ಮುಖದ ಎರಡೂ ಬದಿ ಸಮ ಇದೆಯೇ ನೋಡುತ್ತಾರೆ. ಕಿವಿಯ ಕೆಳಗೆ, ದವಡೆಯ ಅಡಿ, ಕತ್ತಿನ ಎರಡೂ ಪಕ್ಕ ಬೆರಳಾಡಿಸಿ ಗಂಟು ಹುಡುಕುತ್ತಾರೆ. ಮುಟ್ಟಿದರೆ ನೋಯದ, ಕಲ್ಲಿನಷ್ಟು ಗಟ್ಟಿ ಇರುವ, ಅತ್ತಿತ್ತ ಜರುಗದ ಗಂಟಾದರೆ ಹೆಚ್ಚಿನ ಎಚ್ಚರ ಬೇಕು.

ಆಮೇಲೆ ತುಟಿಗಳು; ಎರಡನ್ನೂ ಮಗುಚಿ ಒಳಭಾಗ ನೋಡಬೇಕು. ನಂತರ ಕೆನ್ನೆಯ ಒಳಮೈ, ತುಟಿಯ ಮೂಲೆಯಿಂದ ಹಿಡಿದು ಕೊನೆಯ ದವಡೆ ಹಲ್ಲಿನವರೆಗೆ, ಎರಡೂ ಕಡೆ. ಕೆನ್ನೆ ಮತ್ತು ಒಸಡು ಕೂಡುವ ಸಂದು ಬಂದಾಗ ಡಾಕ್ಟರ ಕೈ ನಿಧಾನವಾಗಬೇಕು. ಪಶ್ಚಿಮದ ದೇಶಗಳಲ್ಲಿ ಬಾಯಿ ಕ್ಯಾನ್ಸರ್ ಹೆಚ್ಚಾಗಿ ನಾಲಗೆಯಲ್ಲಿ, ನಾಲಗೆಯ ಅಡಿಯಲ್ಲಿ ಹುಟ್ಟುತ್ತದೆ. ನಮ್ಮಲ್ಲಿ ಜಗಿದದ್ದನ್ನು ಗಂಟೆಗಟ್ಟಲೆ ಒತ್ತರಿಸಿಡುವ ಈ ಸಂದಿನಲ್ಲೇ ಹೆಚ್ಚು. ಶಸ್ತ್ರವೈದ್ಯರಲ್ಲಿ ಇದನ್ನು ‘ಭಾರತದ ಬಾಯಿ ಕ್ಯಾನ್ಸರ್’ ಎಂದೇ ಕರೆಯುವುದುಂಟು. ಕೆನ್ನೆಯನ್ನು ಬೆರಳಿನಿಂದಲೋ ಕನ್ನಡಿಯಿಂದಲೋ ಹೊರಕ್ಕೆ ಎಳೆಯದೆ ಈ ಸಂದು ಕಾಣುವುದೇ ಇಲ್ಲ. ಕೊನೆಯ ಹಲ್ಲಿನ ಹಿಂದಿರುವ ಮೂಲೆಯೂ ಅಷ್ಟೆ, ದೀಪ ತಿರುಗಿಸದಿದ್ದರೆ ಕತ್ತಲಲ್ಲೇ ಉಳಿದುಬಿಡುತ್ತದೆ.

ನಾಲಗೆಗೆ ಬರೋಣ. “ನಾಲಗೆ ಚಾಚಿ” ಎಂದು ಮೇಲ್ಮೈ ಮಾತ್ರ ನೋಡಿದರೆ ಸಾಲದು. ತುದಿಯನ್ನು ಹತ್ತಿಬಟ್ಟೆಯ ತುಂಡಿನಲ್ಲಿ ಹಿಡಿದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಎಳೆದು ಅಂಚುಗಳ ಹಿಂಭಾಗದವರೆಗೆ ನೋಡಬೇಕು. ಸ್ವಲ್ಪ ಓಕರಿಕೆ ಬಂದರೂ ತಡೆದುಕೊಳ್ಳಿ. ನಾಲಗೆ ಮೇಲೆತ್ತಿಸಿ ತಳ ನೋಡಬೇಕು. ಬಳಿಕ ಒಂದು ಕೈಬೆರಳು ನಾಲಗೆಯ ಅಡಿಯಲ್ಲಿ, ಇನ್ನೊಂದು ಕೈ ಗದ್ದದ ಕೆಳಗೆ ಇಟ್ಟು ಮಧ್ಯದ ಮೆತ್ತನೆ ಭಾಗವನ್ನು ಒತ್ತಿ ನೋಡಬೇಕು, ಆಳದಲ್ಲಿರುವ ಗಟ್ಟಿತನ ಕಣ್ಣಿಗೆ ಕಾಣದೆ ಬೆರಳಿಗೆ ಮಾತ್ರ ಸಿಗುತ್ತದೆ. ಕೊನೆಗೆ ತಲೆ ಹಿಂದಕ್ಕೆ ವಾಲಿಸಿ ಅಂಗುಳ, “ಆ” ಅನ್ನಿಸಿ ಕಿರುನಾಲಿಗೆಯ ಆಚೀಚೆ.

ಇದರಲ್ಲಿ ಯಾವುದಾದರೂ ಬಿಟ್ಟುಹೋದರೆ ಮೆಲ್ಲಗೆ ಕೇಳಿ: “ಸರ್, ನಾಲಿಗಿ ಪಕ್ಕಕ್ಕೆಳೆದು ನೋಡ್ಲಿಲ್ಲಲ್ಲ?” ಇದರಲ್ಲಿ ಯಾವುದಕ್ಕೂ ನೋವಿಲ್ಲ, ಸೂಜಿ ಇಲ್ಲ.

5. ಮೂರು ಬೆರಳು ಹೋಗುತ್ತವೆಯೇ ನೋಡಿ

ನಿಮ್ಮದೇ ಕೈಯ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಮೇಲಿನ, ಕೆಳಗಿನ ಮುಂಭಾಗದ ಹಲ್ಲುಗಳ ನಡುವೆ ಇಡಿ. ಆರೋಗ್ಯವಂತ ಬಾಯಿಗೆ ಮೂರೂ ಹಿಡಿಸುತ್ತವೆ. ಎರಡಕ್ಕೇ ನಿಂತರೆ ಡಾಕ್ಟರಿಗೆ ತಿಳಿಸಿ, ಸ್ಕೇಲಿನಿಂದ ಮಿಲಿಮೀಟರಿನಲ್ಲಿ ಅಳತೆ ಬರೆಸಿ.

ಅಡಿಕೆಯಿಂದ ಬರುವ ಒಂದು ಕಾಯಿಲೆಯಲ್ಲಿ ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿಯುತ್ತ ಹೋಗುತ್ತದೆ. ಡಾಕ್ಟರು ಅದನ್ನು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಬಾಯಿ ಸಣ್ಣದಾಗುವ ಮೊದಲೇ ಇನ್ನೊಂದು ಸೂಚನೆ ಕಾಣಿಸಿಕೊಳ್ಳುತ್ತದೆ: ಖಾರ ತಡೆಯದು. ಒಗ್ಗರಣೆ ಮಂಡಕ್ಕಿ ಜತೆ ಎರಡು ಮಿರ್ಚಿ ಲೀಲಾಜಾಲವಾಗಿ ತಿನ್ನುತ್ತಿದ್ದ ಹುಡುಗ ಒಂದು ದಿನ “ಉರೀತೈತಿ” ಎಂದು ಪಕ್ಕಕ್ಕೆ ಸರಿಸಿದರೆ ತಾಯಂದಿರು ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಶಾಲೆ, ಕಾಲೇಜಿನ ಆಸುಪಾಸಿನ ಅಂಗಡಿಯಲ್ಲಿ ಸಿಗುವ ಸಿಹಿ ಸುಪಾರಿ ಚೀಟಿಗಳಿಂದಲೂ ಎಳೆಯ ವಯಸ್ಸಿನಲ್ಲೇ ಇದು ಬರುತ್ತದೆ. ಒಮ್ಮೆ ಬಿಗಿದ ನಾರು ಪೂರ್ತಿ ಸಡಿಲವಾಗುವುದು ಕಷ್ಟ. ಕ್ಯಾನ್ಸರಿಗೆ ತಿರುಗುವ ಅಪಾಯವೂ ಇರುವುದರಿಂದ ಇಂಥವರಿಗೆ ಜೀವನಪೂರ್ತಿ ತಪಾಸಣೆ ಬೇಕು.

6. ‘ಉಷ್ಣ’ ಎಂದು ತಿಂಗಳು ತಳ್ಳಬೇಡಿ

ಬಾಯಿಹುಣ್ಣು ಎಂದರೆ ಉಷ್ಣ, ಉಷ್ಣ ಎಂದರೆ ಮಜ್ಜಿಗೆ, ಅದಕ್ಕೂ ಬಗ್ಗದಿದ್ದರೆ ಮೆಡಿಕಲ್ ಶಾಪಿನ ಬಿ-ಕಾಂಪ್ಲೆಕ್ಸ್ ಗುಳಿಗೆ. ಸಾಮಾನ್ಯ ಹುಣ್ಣು ಎರಡು ವಾರದೊಳಗೆ ಮಾಯುತ್ತದೆ. ಅಷ್ಟರಲ್ಲಿ ಮಾಯದ ಹುಣ್ಣನ್ನು ಹಲ್ಲಿನ ಡಾಕ್ಟರಿಗೆ ತೋರಿಸಲೇಬೇಕು. ಸಾಮಾನ್ಯ ಹುಣ್ಣು ಉರಿಯುತ್ತದೆ. ಶುರುವಿನ ಕ್ಯಾನ್ಸರ್ ಹುಣ್ಣಿಗೆ ಬಹಳ ಸಲ ನೋವೇ ಇರುವುದಿಲ್ಲ. ನೋವಿಲ್ಲ ಎಂಬ ಸಮಾಧಾನ ಎಷ್ಟೋ ಮನೆಗಳನ್ನು ಹಾಳುಮಾಡಿದೆ.

ಉಜ್ಜಿದರೆ ಹೋಗದ ಬಿಳಿ ಮಚ್ಚೆ, ಮಖಮಲ್ಲಿನಂಥ ಕೆಂಪು ಮಚ್ಚೆ, ಎರಡೂ ಬೆರೆತ ಮಚ್ಚೆ, ಅಂಚು ಗಟ್ಟಿಯಾದ ಹುಣ್ಣು, ಮುಟ್ಟಿದರೆ ರಕ್ತ ಬರುವ ಜಾಗ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಬಿಳಿಗಿಂತ ಕೆಂಪು ಹೆಚ್ಚು ಅಪಾಯದ್ದು. ಮುರಿದ ಹಲ್ಲಿನ ಚೂಪು ತಾಗಿ ನಾಲಗೆಯಲ್ಲಿ ಹುಣ್ಣಾಗಿದ್ದರೆ ಡಾಕ್ಟರು ಅದನ್ನು ನಯಮಾಡಿ ಎರಡು ವಾರ ಬಿಟ್ಟು ಬರಲು ಹೇಳುತ್ತಾರೆ. ಆ ಎರಡನೇ ಭೇಟಿಗೆ ಖಂಡಿತ ಹೋಗಿ.

7. ಅಲ್ಲಾಡುವ ಹಲ್ಲು ಕೀಳಿಸುವ ಮುನ್ನ

ಅಕ್ಕಪಕ್ಕದ ಹಲ್ಲೆಲ್ಲ ಗಟ್ಟಿಯಾಗಿದ್ದು ಒಂದೆರಡು ಮಾತ್ರ ಇದ್ದಕ್ಕಿದ್ದಂತೆ ಸಡಿಲವಾದರೆ, ಅದರ ಸುತ್ತ ಒಸಡು ಬೆಳೆದಂತೆ ಕಂಡರೆ, “ಕಿತ್ತುಬಿಡ್ರಿ” ಎಂದು ಅವಸರ ಮಾಡಬೇಡಿ. ಒಸಡಿನ ಕ್ಯಾನ್ಸರ್ ಕೂಡ ಹಲ್ಲನ್ನು ಹೀಗೆ ಸಡಿಲಿಸುತ್ತದೆ. ಮೊದಲು ಎಕ್ಸ್‌ರೇ ಮಾಡಿಸಿ, ಒಸಡು ನೋಡಿಸಿ. ಈಗಾಗಲೇ ಕೀಳಿಸಿದ್ದು, ಆ ಗುಳಿ ವಾರಗಳಾದರೂ ಮುಚ್ಚದೆ ಮಾಂಸ ಉಕ್ಕುತ್ತಿದ್ದರೆ ಅವತ್ತೇ ಹೋಗಿ.

8. ಕಂಡದ್ದನ್ನು ಬರೆಸಿ, ಫೋಟೊ ತೆಗೆಸಿ

“ಏನೋ ಸ್ವಲ್ಪ ಬಿಳಿ ಇದೆ, ನೋಡೋಣ” ಎಂಬ ಮಾತು ಮುಂದಿನ ವರ್ಷಕ್ಕೆ ಯಾರಿಗೂ ನೆನಪಿರುವುದಿಲ್ಲ. ಯಾವ ಕಡೆ, ಎಷ್ಟು ಮಿಲಿಮೀಟರ್, ಯಾವ ಬಣ್ಣ, ಯಾವ ದಿನ, ಇಷ್ಟನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ನಿಮ್ಮ ಮೊಬೈಲಿನಲ್ಲೇ ಒಂದು ಫೋಟೊ ತೆಗೆಸಿಕೊಳ್ಳಿ. ಬೆಂಗಳೂರಿನ ಕೆಎಲ್‌ಇ ದಂತ ವೈದ್ಯಕೀಯ ಸಂಸ್ಥೆಯ ಡಾ. ಪ್ರವೀಣ್ ಬೀರೂರ್ ಮತ್ತು ಅವರ ತಂಡದವರು ಆರೋಗ್ಯ ಕಾರ್ಯಕರ್ತರು ಮೊಬೈಲಿನಲ್ಲಿ ತೆಗೆದ ಬಾಯಿಯ ಚಿತ್ರಗಳನ್ನು ತಜ್ಞರಿಗೆ ಕಳಿಸಿ ತಪಾಸಣೆ ನಡೆಸಬಹುದೆಂದು ತೋರಿಸಿದ್ದಾರೆ. ತಾಂಡಾದಿಂದ ಕಾಫಿ ತೋಟಕ್ಕೋ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಹೋಗುವವರಿಗೆ ಫೋನಿನಲ್ಲಿರುವ ಈ ಚಿತ್ರ ಬಹಳ ಮುಖ್ಯ. ಮುಂದಿನ ಸಲ ನೋಡುವ ಡಾಕ್ಟರು ಬೇರೆ ಊರಿನವರಾದರೂ ಮಚ್ಚೆ ಬೆಳೆದಿದೆಯೋ ಇಲ್ಲವೋ ಅವರಿಗೆ ತಿಳಿಯುತ್ತದೆ.

9. ಬಯಾಪ್ಸಿ ಎಂದರೆ ಎದ್ದು ಹೋಗಬೇಡಿ

ನಮ್ಮ ಕಡೆ ಬಲವಾಗಿ ಬೇರೂರಿದ ಮಾತೊಂದಿದೆ: “ಕತ್ತರಿ ತಾಗಿದ್ರ ಗಡ್ಡಿ ಹರಡ್ತೈತಿ.” ಇದು ನಿಜವಲ್ಲ. ಬಯಾಪ್ಸಿಗೆ ಹೆದರಿ ನಾಟಿ ಔಷಧಿಯಲ್ಲಿ ಆರು ತಿಂಗಳು ಕಳೆದಾಗ ಹರಡುವುದು ನಿಜ. ಮಾಡುವುದು ಇಷ್ಟೆ: ಆ ಜಾಗಕ್ಕೆ ಮರಗಟ್ಟುವ ಸೂಜಿ, ಕಾಳಿನಷ್ಟು ತುಣುಕು, ಬೇಕಾದರೆ ಒಂದೆರಡು ಹೊಲಿಗೆ. ತುಣುಕು ಪ್ರಯೋಗಾಲಯಕ್ಕೆ ಹೋಗುತ್ತದೆ. ನೀವು ಅವತ್ತೇ ಮನೆಗೆ ಬರುತ್ತೀರಿ.

ವರದಿ ಬಂದ ಮೇಲೆ ಪ್ರತಿ ಇಟ್ಟುಕೊಳ್ಳಿ. ವರದಿಯಲ್ಲಿ ಕ್ಯಾನ್ಸರ್ ಇಲ್ಲ ಎಂದಿದ್ದರೂ ಹುಣ್ಣು ಹಾಗೇ ಉಳಿದರೆ ಮತ್ತೆ ತೋರಿಸಿ. ತುಣುಕು ತೆಗೆದ ಜಾಗ ಸ್ವಲ್ಪ ಆಚೀಚೆ ಆಗಿರಬಹುದು. ‘ಡಿಸ್‌ಪ್ಲೇಸಿಯಾ’ ಎಂದು ಬರೆದಿದ್ದರೆ ಅದು ಕ್ಯಾನ್ಸರಿನ ಹಿಂದಿನ ಮೆಟ್ಟಿಲು, ಸುಮ್ಮನಿರುವ ಹೊತ್ತಲ್ಲ.

10. ಬಣ್ಣದ ನೀರು, ನೀಲಿ ದೀಪ

ಕೆಲವು ಕಡೆ ಮಚ್ಚೆಗೆ ನೀಲಿ ಬಣ್ಣ ಹಚ್ಚಿ ನೋಡುವುದು, ವಿಶೇಷ ದೀಪ ಹಿಡಿಯುವುದು ಉಂಟು. ಯಾವ ಜಾಗದ ತುಣುಕು ತೆಗೆಯಬೇಕೆಂದು ಆರಿಸಲು ನೆರವಾಗಬಹುದು, ಅಷ್ಟೆ. ಕಣ್ಣು, ಬೆರಳು, ಬಯಾಪ್ಸಿ ಇವುಗಳ ಬದಲಿಗೆ ಅವು ಬರಲಾರವು.

11. ಎಲ್ಲಿಗೆ ಹೋಗಬೇಕು

ಮೊದಲ ಮೆಟ್ಟಿಲು ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗ, ಇಲ್ಲವೇ ನಿಮ್ಮೂರಿನ ಖಾಸಗಿ ದಂತವೈದ್ಯರು. ಬೆಳಗಿನ ಸಾಲು ಕರಗಿದ ಮೇಲೆ ಹೋದರೆ ಡಾಕ್ಟರಿಗೂ ನಿಧಾನವಾಗಿ ನೋಡಲು ಬಿಡುವು ಸಿಗುತ್ತದೆ. ನಸುಕಿನಲ್ಲಿ ಮಲ್ಲಿಗೆ ಬಿಡಿಸುವ ಹಡಗಲಿ ಕಡೆಯವರಿಗೂ ಅದೇ ಅನುಕೂಲ.

ಅನುಮಾನದ ಮಚ್ಚೆ ಸಿಕ್ಕರೆ ದಂತ ವೈದ್ಯಕೀಯ ಕಾಲೇಜು ಒಳ್ಳೆಯದು. ಹರಪನಹಳ್ಳಿಯವರಿಗೆ ದಾವಣಗೆರೆ ಹತ್ತಿರ. ಅಲ್ಲಿ ಬಾಪೂಜಿ ದಂತ ಕಾಲೇಜು, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಎರಡೂ ಇವೆ. ಹಗರಿಬೊಮ್ಮನಹಳ್ಳಿ, ಕೊಟ್ಟೂರಿನವರಿಗೆ ದಾವಣಗೆರೆಯತ್ತ ಹೋಗಲು ಹೊಸಪೇಟೆ–ಹರಿಹರ ರೈಲುಮಾರ್ಗ ಊರ ಮೇಲೇ ಹಾದುಹೋಗುತ್ತದೆ. ಕೂಡ್ಲಿಗಿ ಕಡೆಯವರಿಗೆ ಬಳ್ಳಾರಿಯ ಸರ್ಕಾರಿ ದಂತ ಕಾಲೇಜು ಇದೆ. ಹಡಗಲಿಯಿಂದ ಹುಬ್ಬಳ್ಳಿ–ಧಾರವಾಡದತ್ತ ಹೋಗುವವರಿಗೆ ಧಾರವಾಡದ ಎಸ್‌ಡಿಎಂ ದಂತ ಕಾಲೇಜು, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ಇವೆ. ಕಾಲೇಜಿನಲ್ಲಿ ‘ಓರಲ್ ಮೆಡಿಸಿನ್’ ವಿಭಾಗ ಎಂದು ಕೇಳಿ. ವಿದ್ಯಾರ್ಥಿಗಳು ನೋಡಿದರೆ ಮುಖ ಸಿಂಡರಿಸಬೇಡಿ. ಅವರು ಒಂದೊಂದೂ ಜಾಗ ಬಿಡದೆ ಬರೆದುಕೊಳ್ಳುತ್ತಾರೆ, ಆಮೇಲೆ ಅಧ್ಯಾಪಕರು ಮತ್ತೊಮ್ಮೆ ನೋಡುತ್ತಾರೆ. ಒಂದೇ ಬಾಯಿಗೆ ಎರಡು ಜೊತೆ ಕಣ್ಣು ಸಿಕ್ಕಂತಾಯಿತು.

12. ವರ್ಷಕ್ಕೊಂದು ಹೊತ್ತು ಗೊತ್ತುಮಾಡಿ

ಸರ್ಕಾರದ ಕಾರ್ಯಕ್ರಮದಲ್ಲಿ 30 ವರ್ಷ ದಾಟಿದವರೆಲ್ಲರಿಗೂ ಐದು ವರ್ಷಕ್ಕೊಮ್ಮೆ ಬಾಯಿ ತಪಾಸಣೆ ಇದೆ. ಬಿಪಿ, ಶುಗರ್ ಜತೆ ಇದನ್ನೂ ಆರೋಗ್ಯ ಮಂದಿರಗಳಲ್ಲಿ ಉಚಿತವಾಗಿ ಮಾಡುತ್ತಾರೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ಫಾರ್ಮ್ ತುಂಬುವಾಗ ಅವರಿಗೂ ನಿಜ ಹೇಳಿ. ಆದರೆ ಜಗಿಯುವವರಿಗೆ, ಬೀಡಿ ಸೇದುವವರಿಗೆ ಐದು ವರ್ಷ ಬಹಳ ದೂರ, ವರ್ಷಕ್ಕೊಮ್ಮೆ ಬೇಕು. ಮಚ್ಚೆ ಇರುವವರಿಗೆ ಡಾಕ್ಟರು ಹೇಳಿದಂತೆ ಇನ್ನೂ ಬೇಗ ಬೇಗ.

ತಾರೀಖು ಮರೆಯುತ್ತದೆ, ಜಾತ್ರೆ ಮರೆಯದು. ಮಾಘದಲ್ಲಿ ಮೈಲಾರದ ಕಾರಣಿಕ, ಅದರ ಬೆನ್ನಿಗೆ ಕೊಟ್ಟೂರೇಶ್ವರನ ತೇರು. ತೇರು ಮುಗಿದ ವಾರ ಮನೆಯವರೆಲ್ಲರ ಬಾಯಿ ತಪಾಸಣೆ ಎಂದು ಗೊತ್ತುಮಾಡಿಕೊಳ್ಳಿ. ದುಡಿಯಲು ಹೊರಗೆ ಹೋದವರಿಗಾದರೆ ಯುಗಾದಿಗೆ ಊರಿಗೆ ಬಂದಾಗ. ನಡುವೆ ತಿಂಗಳಿಗೊಮ್ಮೆ ಕನ್ನಡಿ ಮುಂದೆ ನಿಂತು ನಾಲ್ಕನೇ ಸೂತ್ರದ ದಾರಿಯಲ್ಲೇ ನಿಮ್ಮ ಬಾಯಿ ನೀವೇ ನೋಡಿಕೊಳ್ಳಿ.

13. ಬಿಡುವ ಮಾತೂ ಅದೇ ಕುರ್ಚಿಯಲ್ಲಿ ಆಗಲಿ

ತಪಾಸಣೆ ಮಾಡಿಸಿಕೊಂಡು ಹೊರಗೆ ಬಂದು ಮತ್ತೆ ಚೀಟಿ ಹರಿದರೆ ಆ ಐದು ನಿಮಿಷಕ್ಕೆ ಅರ್ಧ ಬೆಲೆಯೂ ಉಳಿಯುವುದಿಲ್ಲ. ಬಿಡಲು ಏನು ಮಾಡಬೇಕೆಂದು ಡಾಕ್ಟರನ್ನೇ ಕೇಳಿ. ನಿಕೋಟಿನ್ ಗಮ್ ಯಾರಿಗೆ ಸರಿ, ಯಾರಿಗೆ ಬೇಡ ಎಂಬುದನ್ನು ಅವರೇ ಹೇಳಬೇಕು. ತಂಬಾಕಿನ ಪೊಟ್ಟಣದ ಮೇಲೆಯೇ ಮುದ್ರಿಸಿರುವ 1800-11-2356 ಉಚಿತ ಸಹಾಯವಾಣಿಗೆ ಫೋನ್ ಮಾಡಿದರೆ ಬಿಡುವ ದಾರಿ ಹೇಳಿಕೊಡುತ್ತಾರೆ. ಬಿಟ್ಟ ಮೇಲೆ ಕೆಲವು ಬಿಳಿ ಮಚ್ಚೆಗಳು ತಾವಾಗಿ ಕರಗುವುದೂ ಉಂಟು. ಆದರೂ ವರ್ಷದ ತಪಾಸಣೆ ನಿಲ್ಲಿಸಬೇಡಿ.

14. ಕಾಗದ ಮೊದಲೇ ಸಿದ್ಧವಿರಲಿ

ಕ್ಯಾನ್ಸರ್ ಎಂದು ಖಚಿತವಾದರೆ ದುಡ್ಡಿನ ಚಿಂತೆಯಲ್ಲೇ ಎರಡು ತಿಂಗಳು ಹೋಗಬಾರದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ವೆಚ್ಚದ ಶೇ 30ರಷ್ಟು. ರೇಷನ್ ಕಾರ್ಡಿನಲ್ಲಿರುವ ಹೆಸರೂ ಆಧಾರಿನಲ್ಲಿರುವ ಹೆಸರೂ ಒಂದೇ ಇದೆಯೇ ಇವತ್ತೇ ನೋಡಿಕೊಳ್ಳಿ, ವ್ಯತ್ಯಾಸ ಇದ್ದರೆ ಸರಿಮಾಡಿಸಿ. ದೊಡ್ಡ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ತೆಗೆದುಕೊಳ್ಳಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವುದಾದರೆ ಬಯಾಪ್ಸಿ ವರದಿ, ಎಕ್ಸ್‌ರೇ, ಹಿಂದಿನ ಚೀಟಿಗಳು, ಮೊಬೈಲಿನ ಆ ಫೋಟೊ ಎಲ್ಲ ಒಂದೇ ಚೀಲದಲ್ಲಿರಲಿ. ಓದುಬರಹ ಬಲ್ಲ ಒಬ್ಬರು ಜತೆಗಿರಲಿ, ಡಾಕ್ಟರು ಹೇಳಿದ ಮುಂದಿನ ದಿನಾಂಕಗಳನ್ನು ಅವರು ಬರೆದುಕೊಳ್ಳಲಿ.